ಅಂಕೆ ಮೀರಿದ ವಿಳಾಸ

1969ನೆಯ ಇಸವಿಯ ಅಕ್ಟೋಬರ್ 29ರ ರಾತ್ರಿ ಹತ್ತೂವರೆಯ ಸುಮಾರಿಗೆ, ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದಲ್ಲಿ ಚಾರ್ಲಿ ಕ್ಲೈನ್ ಎಂಬ ವಿದ್ಯಾರ್ಥಿಯು, ಬಹುದೂರದ ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಯ ಗಣಕದೊಳಕ್ಕೆ ಪ್ರವೇಶ ಬೇಡುವ 'ಲಾಗಿನ್' ಎಂಬ ಪದವನ್ನು ಒಂದೊಂದೇ ಅಕ್ಷರವಾಗಿ ಒತ್ತತೊಡಗಿದನು. 'ಎಲ್' ಬಂದಿತೆಂದು ಅತ್ತ ಕುಳಿತಿದ್ದವರು ಟೆಲಿಫೋನಿನಲ್ಲಿ ತಿಳಿಸಿದರು, 'ಓ' ಬಂದಿತೆಂದರು, ಮೂರನೆಯ ಅಕ್ಷರಕ್ಕೆ ಅತ್ತಣ ಯಂತ್ರವೇ ಕುಸಿದುಬಿದ್ದಿತು. ಅಂತರ್ಜಾಲದ ಪೂರ್ವಜವಾದ ಅರ್ಪಾನೆಟ್ ಎಂಬ ಜಾಲದ ಚೊಚ್ಚಲ ಸಂದೇಶವು ಹೀಗೆ ಎರಡಕ್ಷರಕ್ಕೇ ಮುಗಿಯಿತು. ಸುಮಾರು ಒಂದು ತಾಸಿನ ತರುವಾಯ ದೋಷ ಪರಿಹಾರವಾಗಿ ಸಂಪರ್ಕ ಸಿದ್ಧಿಸಿತು. ವರ್ಷಾಂತ್ಯದ ವೇಳೆಗೆ ಸಾಂಟಾ ಬಾರ್ಬರಾ, ಯೂಟಾ ವಿಶ್ವವಿದ್ಯಾನಿಲಯಗಳೂ ಸೇರಿ ನಾಲ್ಕು ನೆಲೆಗಳ ಜಾಲವೊಂದು ನಿಂತಿತು.

ಈ ಪ್ರಸಂಗವನ್ನು ಅಂತರ್ಜಾಲದ ಚರಿತ್ರಕಾರರೆಲ್ಲರೂ ಹೇಳುತ್ತಾರೆ. ಆದರೆ ಆ ಜಾಲದ ಮೊದಲ ವರ್ಷಗಳಲ್ಲಿ ಗಣಕವೊಂದರ ವಿಳಾಸಕ್ಕೆಂದು ಮೀಸಲಾಗಿದ್ದ ಸ್ಥಳವು ಬರಿಯ 8 ಬಿಟ್ ಎಂಬುದನ್ನು, ಎಂದರೆ 64 ನಿಲ್ದಾಣಗಳಿಗೆ ತಲಾ ನಾಲ್ಕರಂತೆ ಒಟ್ಟು 256 ಗಣಕಗಳಿಗಷ್ಟೇ ಅಲ್ಲಿ ಎಡೆಯಿತ್ತೆಂಬುದನ್ನು, ಸ್ಮರಿಸುವವರು ವಿರಳ. ಈ ಕ್ಷೇತ್ರದ ಬೆಳವಣಿಗೆಯನ್ನು ನಾನು ಓದಿಕೊಂಡ ಮಟ್ಟಿಗೆ, ಅದು ಯಂತ್ರಗಳ ಚರಿತ್ರೆಯಾಗಿರುವಷ್ಟೇ, ಹುಟ್ಟಲಿರುವ ಸಂತತಿ ಎಷ್ಟೆಂದು ಊಹಿಸಿ ಮನೆ ಕಟ್ಟಿಸಿದವರ ಚರಿತ್ರೆಯೂ ಹೌದು. ಆ ಊಹೆ ಪ್ರತಿಸಲವೂ ಸಾಲದೆ ಬಂದಿತು.

ಸಂದೇಶವನ್ನು ಚಿಕ್ಕ ಚಿಕ್ಕ ತುಂಡುಗಳಾಗಿ ಒಡೆದು, ಒಂದೊಂದಕ್ಕೂ ವಿಳಾಸ ಬರೆದು, ತೆರವಾಗಿರುವ ಯಾವ ದಾರಿಯಿಂದಲಾದರೂ ಸಾಗಿಸಿ, ಗುರಿಮುಟ್ಟಿದ ಮೇಲೆ ಜೋಡಿಸಿಕೊಳ್ಳುವ ತತ್ತ್ವವನ್ನು ಅಮೆರಿಕದಲ್ಲಿ ಪಾಲ್ ಬ್ಯಾರನ್, ಇಂಗ್ಲೆಂಡಿನಲ್ಲಿ ಡೊನಾಲ್ಡ್ ಡೇವಿಸ್ ಪರಸ್ಪರ ಅರಿಯದೆಯೇ ಕಂಡುಕೊಂಡಿದ್ದರು. ಬ್ಯಾರನ್ನರ ಚಿಂತೆ ಅಣುಯುದ್ಧದಲ್ಲಿಯೂ ಕಡಿದುಹೋಗದ ಸಂಪರ್ಕ, ಡೇವಿಸರದು ದುಬಾರಿ ಗಣಕಗಳ ಸದುಪಯೋಗ. ಆ ತುಂಡಿಗೆ 'ಪ್ಯಾಕೆಟ್' ಎಂದು ಹೆಸರಿಟ್ಟವರು ಡೇವಿಸರೇ. ನಿಯಮಗಳನ್ನು ಬರೆಯುವ ಹೊಣೆ ಬಿದ್ದದ್ದು ಮಾತ್ರ ವಿದ್ಯಾರ್ಥಿಗಳ ಮೇಲೆ. ಅವರಲ್ಲೊಬ್ಬನಾದ ಸ್ಟೀವ್ ಕ್ರಾಕರ್, ಹಿರಿಯರು ಯಾರಾದರೂ ಬಂದು ಅಧಿಕಪ್ರಸಂಗವೆಂದಾರೆಂಬ ಅಳುಕಿನಿಂದ, 1969ರ ಏಪ್ರಿಲಿನಲ್ಲಿ ಹೊರಡಿಸಿದ ಮೊದಲ ಟಿಪ್ಪಣಿಗೆ 'ಅಭಿಪ್ರಾಯ ಕೋರಿಕೆ' ಎಂಬರ್ಥದ ವಿನಯದ ಶಿರೋನಾಮೆಯಿಟ್ಟನು. ಜಾಲದ ಕಟ್ಟಳೆಗಳು ಇಂದಿಗೂ ಅದೇ ಹೆಸರಿನಿಂದ, ಆರ್‌ಎಫ್‌ಸಿ ಎಂಬ ಮೂರಕ್ಷರದಲ್ಲಿ, ಪ್ರಕಟವಾಗುತ್ತಿವೆ.

1974ರ ಮೇ ತಿಂಗಳಲ್ಲಿ ವಿಂಟ್ ಸರ್ಫ್, ರಾಬರ್ಟ್ ಕಾನ್ ಇಬ್ಬರೂ ಕೂಡಿ ಪ್ರಕಟಿಸಿದ ಪ್ರಬಂಧವು ಜಾಲಗಳನ್ನೇ ಜಾಲವಾಗಿ ಹೆಣೆಯುವ ಮಾರ್ಗವನ್ನು ತೋರಿಸಿತು. ಅದರಲ್ಲಿಯೂ ಜಾಲದ ಗುರುತಿಗೆ 8 ಬಿಟ್. ಲೋಕದಲ್ಲಿ 256ಕ್ಕಿಂತ ಹೆಚ್ಚು ಜಾಲಗಳು ಸದ್ಯಕ್ಕಂತೂ ಹುಟ್ಟಲಾರವೆಂಬುದು ಗ್ರಂಥಕರ್ತರ ಭಾವನೆಯಾಗಿತ್ತು. 1977ರ ಸುಮಾರಿಗೆ ವಿಳಾಸವು 128 ಬಿಟ್ ಇರಲೆಂದೂ, ಬೇಕಾದಷ್ಟು ಹಿಗ್ಗುವಂತಿರಲೆಂದೂ ನಾನಾ ವಾದಗಳೆದ್ದಾಗ, ಪ್ರಯೋಗಮಾತ್ರವಾದ ಕೆಲಸಕ್ಕೆ ಅಷ್ಟೆಲ್ಲ ಏಕೆಂದು ಸರ್ಫ್ 32 ಬಿಟ್ಟಿಗೆ ನಿಲ್ಲಿಸಿದರು. ಅದರಿಂದ ದೊರಕುವ ವಿಳಾಸಗಳು ಸುಮಾರು 429 ಕೋಟಿ. ಆ ಏರ್ಪಾಡೇ 1981ರಲ್ಲಿ ಜಾನ್ ಪೋಸ್ಟೆಲ್ಲರ ಸಂಪಾದಕತ್ವದಲ್ಲಿ ಐಪಿ ಎಂಬ ಅಂತರ್ಜಾಲ ನಿಯಮಾವಳಿಯ ನಾಲ್ಕನೆಯ ಆವೃತ್ತಿಯಾಗಿ ಸ್ಥಿರಪಟ್ಟಿತು. ಪ್ರಯೋಗ ಮುಗಿಯಲೇ ಇಲ್ಲ.

ಅರ್ಪಾನೆಟ್ಟು ತನ್ನ ಹಳೆಯ ನಿಯಮಾವಳಿಯನ್ನು ತೊರೆದು ಈ ಹೊಸದನ್ನು ಹಿಡಿಯಲು ಗೊತ್ತಾದ ದಿನ 1983ರ ಜನವರಿ 1. ಆಗ ಇದ್ದವು ಕೆಲವು ನೂರು ಗಣಕಗಳು. ಹಣ ಕೊಡುತ್ತಿದ್ದ ಅಮೆರಿಕದ ರಕ್ಷಣಾ ಇಲಾಖೆಗೆ ಹುಕುಂ ಮಾಡುವ ಅಧಿಕಾರವೂ ಇತ್ತು. ಸೋಮಾರಿಗಳನ್ನು ಎಚ್ಚರಿಸುವುದಕ್ಕೆಂದು ಹಿಂದಿನ ವರ್ಷದ ನಡುವೆ ಒಂದು ದಿನ ಹಳೆಯ ಸಂಚಾರವನ್ನು ಪೂರ್ತಿಯಾಗಿ ಕಡಿದುಹಾಕಿಯೂ ನೋಡಿದ್ದರು. ಈ ಬದಲಾವಣೆಯ ಗಂಡಾಂತರದಿಂದ ತಾನು ಪಾರಾದೆನೆಂಬ ಬರಹದ ಬಿಲ್ಲೆಗಳನ್ನು ಕೆಲವರು ಅಂಗಿಗೆ ಸಿಕ್ಕಿಸಿಕೊಂಡು ತಿರುಗಿದರಂತೆ.

ಆಮೇಲೆ ಬೆಳೆ ಹುಲುಸಾಗಿ ಬಂದಿತು. ಭಾರತದಲ್ಲಿಯೂ 1986ರಲ್ಲಿ ಅರ್ನೆಟ್ ಆರಂಭವಾದಾಗ ಅದರ ಎಂಟು ನೆಲೆಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದಾಗಿತ್ತು. ಆದರೆ ವಿಳಾಸಗಳ ಹಂಚಿಕೆಯ ಕ್ರಮದಲ್ಲಿ ವಿವೇಕವಿರಲಿಲ್ಲ. 'ಎ' ವರ್ಗದ ವಿಳಾಸಸಮೂಹದಲ್ಲಿ 1 ಕೋಟಿ 67 ಲಕ್ಷ, 'ಬಿ'ಯಲ್ಲಿ 65 ಸಾವಿರ, 'ಸಿ'ಯಲ್ಲಿ 254. ಮೊದಲನೆಯದು ಮೈಗೆ ದೊಗಲೆ, ಕೊನೆಯದು ತೊಡಲಾರದಷ್ಟು ಬಿಗಿ, ಆದ್ದರಿಂದ ಎಲ್ಲರೂ ನಡುವಣದಕ್ಕೇ ಕೈಯೊಡ್ಡಿದರು. ಮಸಾಚುಸೆಟ್ಸಿನ ತಂತ್ರಜ್ಞಾನ ಸಂಸ್ಥೆಯೊಂದರ ಪಾಲಿಗೇ ಇಡಿಯ 'ಎ' ಸಮೂಹವೊಂದು ಸಂದಿತ್ತು. 1990ರ ಬಳಿಕ 'ಬಿ' ವರ್ಗವು ಬರಿದಾಗುವ ಲಕ್ಷಣ ಕಂಡಾಗಲೇ ಮುಂದಿನ ನಿಯಮಾವಳಿಯ ಚಿಂತೆ ಮೊದಲಾದದ್ದು.

1992ರ ಜೂನಿನಲ್ಲಿ ಜಪಾನಿನ ಕೋಬೆಯಲ್ಲಿ ಸೇರಿದ ಅಂತರ್ಜಾಲ ವಾಸ್ತುಮಂಡಲಿಯು, ಪ್ರತಿಪಕ್ಷವೆಂದೇ ಎಣಿಸಲ್ಪಟ್ಟಿದ್ದ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ಸಿಎಲ್‌ಎನ್‌ಪಿ ಎಂಬ ನಿಯಮಾವಳಿಯನ್ನು ಆಧಾರವಾಗಿ ಹಿಡಿಯಬೇಕೆಂದು ಸೂಚಿಸಿದ್ದೇ ತಡ, ಕಾರ್ಯಕರ್ತರಾದ ತಂತ್ರಜ್ಞರು ಸಿಡಿದೆದ್ದರು. ಮರುತಿಂಗಳು ಮಸಾಚುಸೆಟ್ಸಿನ ಕೇಂಬ್ರಿಜ್ಜಿನಲ್ಲಿ ಅವರು ಸೇರಿದ ಸಭೆಯಲ್ಲಿ ಡೇವಿಡ್ ಕ್ಲಾರ್ಕ್, ತಮಗೆ ರಾಜರೂ ಬೇಡ, ಅಧ್ಯಕ್ಷರೂ ಬೇಡ, ಮತದಾನವೂ ಬೇಡ, ಸ್ಥೂಲವಾದ ಸಮ್ಮತಿಯೂ ನಡೆಯುವ ಪ್ರೋಗ್ರಾಮೂ ಇದ್ದರೆ ಸಾಕೆಂಬರ್ಥದ ಮಾತನ್ನಾಡಿದರು. ಅದೇ ಸಭೆಯಲ್ಲಿ, ಸದಾ ಮೂರು ತುಂಡಿನ ಸೂಟಿನಲ್ಲಿ ಶೋಭಿಸುವ ಸರ್ಫ್ ಮಹಾಶಯರು ವೇದಿಕೆಯ ಮೇಲೆ ಕೋಟು, ವೇಸ್ಟುಕೋಟು, ಅಂಗಿಗಳನ್ನು ಕಳಚಿ, ಸಕಲ ವಸ್ತುಗಳ ಮೇಲೂ ಐಪಿ ಎಂಬ ಘೋಷಣೆ ಹೊತ್ತ ಟೀ ಶರ್ಟನ್ನು ಪ್ರದರ್ಶಿಸಿದರೆಂಬುದು ಚರಿತ್ರೆಗೆ ಸೇರಿದ ಸಂಗತಿ. ಕೋಬೆಯ ನಿರ್ಣಯ ಅಲ್ಲಿಗೆ ಬಿದ್ದುಹೋಯಿತು.

ಅನಂತರ ಸ್ಕಾಟ್ ಬ್ರಾಡ್ನರ್, ಆಲಿಸನ್ ಮ್ಯಾಂಕಿನ್ ಇವರ ಮುಂದಾಳುತನದಲ್ಲಿ ನಡೆದ ವಿಚಾರಣೆ ಮೆಚ್ಚತಕ್ಕದ್ದು. ವಿದ್ಯುಚ್ಛಕ್ತಿ, ಕೇಬಲ್ ಟಿ.ವಿ., ಸೆಲ್ಯುಲರ್ ಫೋನು, ನೌಕಾಪಡೆ ಮೊದಲಾದ ಕಡೆಗಳಿಂದ ಅಪೇಕ್ಷೆಗಳನ್ನು ತರಿಸಿಕೊಂಡು, ಮೂರು ಪ್ರಸ್ತಾವಗಳನ್ನು ಒರೆಗೆ ಹಚ್ಚಿ, 1994ರ ಜುಲೈ 25ರಂದು ಟೊರಾಂಟೊದಲ್ಲಿ ಸಿಪ್ ಎಂಬುದನ್ನು ಆಯ್ದು, ಅದರ 64 ಬಿಟ್ಟುಗಳ ವಿಳಾಸವನ್ನು 128ಕ್ಕೆ ಹಿಗ್ಗಿಸಿದರು. ಐದೆಂಬ ಅಂಕೆ ಬೇರೊಂದು ಪ್ರಯೋಗಕ್ಕೆ ಸಂದಿದ್ದುದರಿಂದ ಇದು ಆರನೆಯ ಆವೃತ್ತಿಯಾಯಿತು. ಇದರ ವಿಳಾಸಗಳನ್ನೆಣಿಸಲು 340ರ ಮುಂದೆ 36 ಸೊನ್ನೆಗಳನ್ನಿಡಬೇಕು. ಹಳೆಯ ವಿಳಾಸಗಳು 2005ಕ್ಕೂ 2011ಕ್ಕೂ ನಡುವೆ ತೀರುವುವೆಂದು ಅವರು ಕಟ್ಟಿದ ಲೆಕ್ಕವೂ ತಪ್ಪಲಿಲ್ಲ. ಕೇಂದ್ರ ಭಂಡಾರದ ಕಟ್ಟಕಡೆಯ ಐದು ಸಮೂಹಗಳು ವಿತರಣೆಯಾದದ್ದು 2011ರ ಫೆಬ್ರುವರಿ 3ರಂದು.

ತಪ್ಪಿದ್ದು ಮತ್ತೊಂದು ಕಡೆ. ಆರನೆಯದನ್ನಷ್ಟೇ ಬಲ್ಲ ಯಂತ್ರವು ನಾಲ್ಕನೆಯದನ್ನಷ್ಟೇ ಬಲ್ಲ ಯಂತ್ರದೊಡನೆ ದುಭಾಷಿಯಿಲ್ಲದೆ ಮಾತಾಡಲಾರದು. ಆದುದರಿಂದ ಮೊದಲು ದಾಟುವವನಿಗೆ ಖರ್ಚೇ ಹೊರತು ಫಲವಿಲ್ಲ. ಇತ್ತ, ಸಾವಕಾಶ ದೊರಕಿಸಲೆಂದು ಮಾಡಿದ ತಾತ್ಕಾಲಿಕ ಚಿಕಿತ್ಸೆಗಳು ಅತಿಯಾಗಿ ಫಲಿಸಿದವು. 1993ರಲ್ಲಿ ವರ್ಗಭೇದವನ್ನಳಿಸಿ ಬೇಕಾದಷ್ಟನ್ನೇ ಅಳೆದುಕೊಡುವ ಕ್ರಮ ಬಂದಿತು; 1994ರ ಮೇ ತಿಂಗಳಲ್ಲಿ, ಒಂದೇ ಹೊರವಿಳಾಸದ ಮರೆಯಲ್ಲಿ ಹಲವು ಯಂತ್ರಗಳು ಒಳವಿಳಾಸಗಳಿಂದ ಬಾಳುವ ನ್ಯಾಟ್ ಎಂಬ ಉಪಾಯ ಪ್ರಕಟವಾಯಿತು. ಅದನ್ನು ಬರೆದವರಿಬ್ಬರಲ್ಲಿ ಒಬ್ಬರಾದ ಪಾಲ್ ಫ್ರಾನ್ಸಿಸ್, ಸಿಪ್‌ನಲ್ಲಿ ಲೀನವಾದ ಪ್ರಸ್ತಾವವೊಂದರ ಜನಕರೂ ಹೌದೆಂಬುದು ವಿಧಿಯ ವಿನೋದ. ನಮ್ಮ ಮನೆಯ ಗೋಡೆಯಲ್ಲಿ ಹಸಿರು ದೀಪ ಮಿಟುಕಿಸುತ್ತಿರುವ ವೈಫೈ ಪೆಟ್ಟಿಗೆಯೊಳಗೆ 192.168 ಎಂದಾರಂಭವಾಗುವ ವಿಳಾಸವಿದೆ. ಪಕ್ಕದ ಮನೆಯಲ್ಲಿಯೂ ಅದೇ ಇದೆ, ಲಕ್ಷಾಂತರ ಮನೆಗಳಲ್ಲಿಯೂ ಅದೇ. ವಠಾರದ ಬಾಗಿಲಿಗೆ ಒಂದೇ ಸಂಖ್ಯೆ, ಒಳಗೆ ಯಾರಿದ್ದಾರೆಂಬುದು ಮಾಲೀಕನಿಗೆ ಮಾತ್ರ ಗೊತ್ತು.

ಆದರೂ ವಠಾರಕ್ಕೂ ಮಿತಿಯುಂಟು. ಜನಸಂಖ್ಯೆಗೆ ಹೋಲಿಸಿದರೆ ಹಳೆಯ ವಿಳಾಸಗಳ ಅತ್ಯಲ್ಪ ಪಾಲು ಪಡೆದಿದ್ದ ಭಾರತದಲ್ಲಿ, 2016ರಲ್ಲಿ ರಿಲಯನ್ಸ್ ಜಿಯೋ ಕೋಟ್ಯಂತರ ಫೋನುಗಳನ್ನು ಜಾಲಕ್ಕೆ ತಂದಾಗ ಆರನೆಯ ಆವೃತ್ತಿಯನ್ನೇ ಆಶ್ರಯಿಸಬೇಕಾಯಿತು. ಅದರ ಬಳಕೆಯಲ್ಲಿ ಈ ದೇಶ ಇಂದು ಮುಂಚೂಣಿಯಲ್ಲಿದೆ. ತಡವಾಗಿ ಬಂದವನಿಗೆ ಹಳೆಯ ಮನೆ ಸಿಕ್ಕದೆ ಹೋದದ್ದೇ ಹೊಸ ಮನೆಗೆ ಕಾರಣವಾಯಿತು. ಎರಡು ಆವೃತ್ತಿಗಳೂ ಈಗ ಒಂದೇ ತಂತಿಯಲ್ಲಿ ಅಕ್ಕಪಕ್ಕದಲ್ಲಿ ಹರಿಯುತ್ತಿವೆ. ಹಳೆಯದನ್ನು ನಿಲ್ಲಿಸುವುದಕ್ಕೆ 1983ರ ಜನವರಿ 1ರಂತಹ ದಿನವನ್ನು ಯಾರೂ ಗೊತ್ತುಮಾಡಿಲ್ಲ, ಮಾಡುವ ಅಧಿಕಾರವುಳ್ಳವರೂ ಈಗ ಯಾರೂ ಇಲ್ಲ.