ಒಂದೂವರೆ ವೋಲ್ಟಿನ ಆಚೆಗೆ

ಗಣಕಯಂತ್ರದ ಪ್ರೊಸೆಸರನ್ನು ತಯಾರಕರು ಗೊತ್ತುಪಡಿಸಿದ ವೇಗವನ್ನು ಮೀರಿ ಓಡಿಸುವ, ಓವರ್‌ಕ್ಲಾಕಿಂಗ್ ಎಂದು ಹೆಸರಾದ ಹವ್ಯಾಸಕ್ಕೂ ಒಂದು ಇತಿಹಾಸವುಂಟೆಂದರೆ ಕೆಲವರಿಗೆ ಅತಿಶಯೋಕ್ತಿಯೆನಿಸಬಹುದು. ಆದರೆ ಇಷ್ಟು ವೋಲ್ಟೇಜು ಕ್ಷೇಮ, ಇಷ್ಟು ಉಷ್ಣತೆಯವರೆಗೆ ಭಯವಿಲ್ಲ ಎಂದು ಇಂದು ಹೊಸಬನೂ ಸಲೀಸಾಗಿ ಹೇಳುವ ಅಂಕಿಗಳ ಹಿಂದೆ ಎಷ್ಟು ಚಿಪ್‌ಗಳು ಸುಟ್ಟುಹೋಗಿವೆಯೆಂಬುದನ್ನು ಬಲ್ಲವರು ಹಾಗೆನ್ನಲಾರರು.

ಬೋರ್ಡಿನಲ್ಲಿ ವೇಗದ ಲಯವನ್ನು ಮಿಡಿಯುವ ಸ್ಫಟಿಕವನ್ನೇ ಕಿತ್ತು ಬೇರೊಂದನ್ನು ಬೆಸೆಯುತ್ತಿದ್ದ ಸಾಹಸಿಗಳು ಹಿಂದೆಯೂ ಇದ್ದರಾದರೂ, ಬೆಸುಗೆಯೆಂದರೆ ಅಂಜುವವನೂ ಕೈಹಾಕಬಹುದಾದ ಚಿಪ್‌ಗಳಲ್ಲಿ ಹೆಸರಾದುದೆಂದರೆ 1998ರ ಆಗಸ್ಟ್ ತಿಂಗಳಿನಲ್ಲಿ ಇಂಟೆಲ್ ಸಂಸ್ಥೆಯು ಅಗ್ಗದ ಗಣಕಗಳಿಗಾಗಿ ಹೊರತಂದ ಸೆಲೆರಾನ್ 300ಎ. ಮದರ್‌ಬೋರ್ಡಿನ ಬಸ್ ಎಂಬ ಸಂವಹನಮಾರ್ಗವು 66 ಮೆಗಾಹರ್ಟ್ಸ್‌ನಲ್ಲಿ ಮಿಡಿಯುತ್ತಿರಲು ಅದನ್ನು ನಾಲ್ಕೂವರೆಯಿಂದ ಗುಣಿಸಿಕೊಂಡು 300ರಲ್ಲಿ ಓಡುತ್ತಿದ್ದ ಈ ಚಿಪ್, ಆ ಮಿಡಿತವನ್ನು 100ಕ್ಕೆ ಏರಿಸಿದೊಡನೆ 450ರಲ್ಲಿ ಓಡತೊಡಗಿ, ತನ್ನ ನಾಲ್ಕು ಪಟ್ಟಿಗೂ ಮಿಕ್ಕ ಬೆಲೆಯ ಪೆಂಟಿಯಂ 2ಕ್ಕೆ ಸರಿಜೋಡಿಯಾಗಿ ನಿಲ್ಲುತ್ತಿತ್ತು. ಕೆಲವು ಬೋರ್ಡುಗಳಲ್ಲಿ ಇದಕ್ಕೆ ಬೇಕಾದುದು ಬಿ21 ಎಂಬ ಸಂಪರ್ಕಬಿಂದುವನ್ನು ಮುಚ್ಚುವ ಒಂದು ತುಣುಕು ಟೇಪು ಮಾತ್ರ.

ಎಲ್ಲ ಚಿಪ್‌ಗಳೂ ಹೀಗೆ ಸುಲಭವಾಗಿ ಒಲಿಯುತ್ತಿರಲಿಲ್ಲ. ಒಲಿಯದುದಕ್ಕೆ ನಿಯಮಿತವಾದ 2.0 ವೋಲ್ಟಿಗೆ ಬದಲಾಗಿ 2.2 ವೋಲ್ಟನ್ನು ಉಣಿಸಿದರೆ, ಒತ್ತಡ ಹೆಚ್ಚಿದಂತೆ ಟ್ರಾನ್ಸಿಸ್ಟರುಗಳು ಚುರುಕಾಗುವುದರಿಂದ, ಅದೂ ದಾರಿಗೆ ಬರುತ್ತಿತ್ತು. ಆದರೆ ವ್ಯಯವಾಗುವ ಶಕ್ತಿಯು ವೇಗದ ಪ್ರಮಾಣದಲ್ಲಿಯೂ ವೋಲ್ಟೇಜಿನ ವರ್ಗದ ಪ್ರಮಾಣದಲ್ಲಿಯೂ ಏರುವುದೆಂಬುದು ಇಲ್ಲಿಯ ನಿಯಮ. ಆದುದರಿಂದ ಒಂದೂವರೆ ಪಟ್ಟು ವೇಗವನ್ನು ಹತ್ತನೆಯ ಒಂದಂಶ ಹೆಚ್ಚು ವೋಲ್ಟೇಜಿನಿಂದ ಕೊಂಡವನು ಒಂದೂಮುಕ್ಕಾಲು ಪಟ್ಟಿಗೂ ಮೀರಿದ ಶಾಖವನ್ನು ಹೊರಹಾಕಬೇಕಾಗಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚೆಂಬ ಗಾದೆಯನ್ನು ಒಪ್ಪದೆ ಹಾಸಿಗೆಯನ್ನೇ ಎಳೆದು ಉದ್ದಮಾಡಹೊರಟ ಜನ ಇವರು.

ಶಾಖದ ಪಾಠವು ಬಹಿರಂಗವಾಗಿ ನಡೆದುದು 2001ರಲ್ಲಿ. ಅದರ ಹಿಂದಿನ ವರ್ಷವಷ್ಟೇ ಎಎಂಡಿ ಸಂಸ್ಥೆಯ ಅಥ್ಲಾನ್ ಚಿಪ್‌ನ ಮೇಲ್ಮೈಯಲ್ಲಿ ಕಡಿದಿಟ್ಟಿದ್ದ ಸೂಕ್ಷ್ಮ ಸೇತುವೆಗಳನ್ನು ಸೀಸದಕಡ್ಡಿಯಿಂದ ಗೀಚಿ ಕೂಡಿಸಿದರೆ ಬಸ್ಸಿನ ಮಿಡಿತವನ್ನು ಗುಣಿಸುವ ಅದರ ಗುಣಕಕ್ಕೆ ತಯಾರಕರು ಹಾಕಿದ್ದ ಬೀಗ ಕಳಚುವುದೆಂದು ಹವ್ಯಾಸಿಗಳು ಕಂಡುಕೊಂಡಿದ್ದರು. ಕಾಸಿನ ಕಡ್ಡಿಯೊಂದು ತಯಾರಕನ ಬೀಗವನ್ನು ತೆಗೆದ ಈ ಪ್ರಸಂಗವನ್ನು ನೆನೆದಾಗಲೆಲ್ಲ ನನಗೆ ನಗು ಬರುತ್ತದೆ. ಅದೇ ಅಥ್ಲಾನ್, ಓಡುತ್ತಿರುವಾಗಲೇ ಶಾಖವನ್ನು ಹೀರುವ ಹೀಟ್‌ಸಿಂಕನ್ನು ತೆಗೆದರೆ ಕ್ಷಣಮಾತ್ರದಲ್ಲಿ ಹೊಗೆಯಾಡಿ ಸಾಯುವುದನ್ನೂ, ಪೆಂಟಿಯಂ 4 ಮಾತ್ರ ತನ್ನ ಬಿಸಿಯನ್ನು ತಾನೇ ಅರಿತು ನಡಿಗೆಯನ್ನು ತಗ್ಗಿಸಿ ಬದುಕುವುದನ್ನೂ ಟಾಮ್ಸ್ ಹಾರ್ಡ್‌ವೇರ್ ಎಂಬ ಪತ್ರಿಕೆ ಚಿತ್ರೀಕರಿಸಿ ತೋರಿಸಿತು.

ಆದರೆ ಹೀಗೆ ತನ್ನನ್ನು ಕಾಯ್ದುಕೊಳ್ಳಬಲ್ಲ ಪೆಂಟಿಯಂ 4ರ ವಂಶದಲ್ಲಿಯೇ ವಿಚಿತ್ರವಾದ ಸಾವುಗಳು ಕಾಣಿಸಿಕೊಂಡವು. 2002ರಲ್ಲಿ ಬಂದ ನಾರ್ತ್‌ವುಡ್ ಎಂಬ ಪೀಳಿಗೆಯ ನಿಯಮಿತ ವೋಲ್ಟೇಜು 1.5, ಅದನ್ನು 1.7ರ ಆಚೆಗೆ ಏರಿಸಿದವರ ಚಿಪ್‌ಗಳು, ಉಷ್ಣತೆ ಹದವಾಗಿಯೇ ಇದ್ದರೂ, ಕೆಲವು ವಾರಗಳೋ ತಿಂಗಳುಗಳೋ ಸುಖವಾಗಿ ಓಡಿ, ಒಂದು ದಿನ ಏಳಲೇ ಇಲ್ಲ. ಜನ ಇದನ್ನು ‘ನಾರ್ತ್‌ವುಡ್ಡಿನ ಹಠಾತ್ ಮರಣ’ ಎಂದು ಕರೆದು, ಎಲೆಕ್ಟ್ರೋಮೈಗ್ರೇಶನ್ನೇ ಅದರ ಕಾರಣವೆಂದು ನಿರ್ಣಯಿಸಿದರು. ಹೊಳೆಯ ಸೆಳವು ದಡದ ಮಣ್ಣನ್ನು ಕೊರೆದೊಯ್ಯುವಂತೆ, ಕೂದಲೆಳೆಗಿಂತ ಎಷ್ಟೋ ತೆಳ್ಳನೆಯ ಲೋಹದ ತಂತುವಿನೊಳಗೆ ಹರಿಯುವ ಎಲೆಕ್ಟ್ರಾನುಗಳು ಪರಮಾಣುಗಳನ್ನು ತಮ್ಮೊಡನೆ ತಳ್ಳಿಕೊಂಡು ಹೋಗಿ, ಕಡೆಗೊಮ್ಮೆ ತಂತುವನ್ನೇ ಕಡಿಯುವ ಕ್ರಿಯೆಯಿದು. ಮೊಟೊರೊಲಾ ಸಂಸ್ಥೆಯ ಜೇಮ್ಸ್ ಬ್ಲ್ಯಾಕ್ 1969ರಲ್ಲಿಯೇ ಇದಕ್ಕೊಂದು ಸೂತ್ರವನ್ನು ಬರೆದು, ತಂತುವಿನ ಆಯುಸ್ಸು ವಿದ್ಯುತ್ಪ್ರವಾಹದ ಸಾಂದ್ರತೆಯ ವರ್ಗಕ್ಕೆ ವಿಲೋಮವಾಗಿ ಕುಗ್ಗುವುದನ್ನೂ, ಉಷ್ಣತೆ ಏರಿದಂತೆ ಘಾತೀಯವಾಗಿ ಕ್ಷೀಣಿಸುವುದನ್ನೂ ತೋರಿಸಿದ್ದರು. ಉಷ್ಣತೆಯನ್ನು ಮಾತ್ರ ಕಾವಲು ಕಾಯ್ದರೆ ಸಾಲದು, ವೋಲ್ಟೇಜಿಗೆ ಅದರದೇ ಆದ ಗಡಿಯುಂಟೆಂಬ ವಿವೇಕ ಹವ್ಯಾಸಿಗಳಲ್ಲಿ ಬೇರೂರಿದುದು ಈ ಸಾವುಗಳ ತರುವಾಯ.

ಮುಂದಿನ ವರ್ಷಗಳನ್ನು ಬೇಗನೆ ದಾಟಬಹುದು. ಮೊದಲ ಪೆಂಟಿಯಂಗೆ 1993ರಲ್ಲಿ 5 ವೋಲ್ಟು ಬೇಕಾಗಿತ್ತು. ಟ್ರಾನ್ಸಿಸ್ಟರು ಕಿರಿದಾದಂತೆಲ್ಲ ವೋಲ್ಟೇಜೂ ಇಳಿಯುತ್ತ ಬಂದು, ಗುಣಕದ ಬೀಗ ತೆರೆದ ಇಂಟೆಲ್‌ನ ‘ಕೆ’ ಚಿಪ್‌ಗಳು 2011ರಲ್ಲಿ ಹೆಸರುಮಾಡಿದಾಗ ಅನುಭವಿಗಳು 1.35ರ ಸುಮಾರಿನಲ್ಲಿಯೇ ಕೈ ತಡೆಯುತ್ತಿದ್ದರು. ಅದೇ ವರ್ಷ ದ್ರವ ಹೀಲಿಯಮ್ಮಿನ ಶೈತ್ಯದಲ್ಲಿ ಎಎಂಡಿಯ ಎಫ್‌ಎಕ್ಸ್-8150 ಚಿಪ್ಪನ್ನು 8.429 ಗಿಗಾಹರ್ಟ್ಸ್‌ಗೆ ಏರಿಸಿದವರೂ ಉಂಟು. ಅದು ಗೃಹಸ್ಥರ ಮಾರ್ಗವಲ್ಲ.

ವಿಪರ್ಯಾಸವೆಂದರೆ, ಹವ್ಯಾಸಿಗಳು ಸಂಯಮವನ್ನು ಕಲಿತ ಕಾಲಕ್ಕೆ ತಯಾರಕರೇ ಅದನ್ನು ಸಡಿಲಿಸಿದರು. ಸ್ಪರ್ಧೆಯ ಭರದಲ್ಲಿ ಚಿಪ್‌ಗಳು ಕಾರ್ಖಾನೆಯಿಂದಲೇ ತಮ್ಮ ಎಲ್ಲೆಯ ಅಂಚಿನಲ್ಲಿ ಓಡುತ್ತ ಬರತೊಡಗಿ, 95 ಡಿಗ್ರಿ ಸೆಲ್ಸಿಯಸ್ ಎಂಬುದು ಎಎಂಡಿಯ ರೈಜೆನ್ 7000 ಸಾಲಿನ ಕೆಲವು ಚಿಪ್‌ಗಳಿಗೆ ಅಪಾಯದ ಸೂಚನೆಯಾಗುಳಿಯದೆ ಅವು ದುಡಿಯಬೇಕಾದ ನೆಲೆಯೇ ಆಯಿತು. 2023ರಲ್ಲಿ ಆ ಸಾಲಿನ ಕೆಲವು ಚಿಪ್‌ಗಳು ಸುಟ್ಟುಹೋಗಲು ಎಎಂಡಿ ಅವುಗಳ ಮೆಮೊರಿ ನಿಯಂತ್ರಕ ಮುಂತಾದ ಭಾಗಗಳಿಗೆ ಉಣಿಸುವ ಎಸ್‌ಒಸಿ ವೋಲ್ಟೇಜಿಗೆ 1.3ರ ಮಿತಿಯನ್ನು ಹಾಕಿತು. ಮರುವರ್ಷ ಇಂಟೆಲ್‌ನ ಹದಿಮೂರನೆಯ ಮತ್ತು ಹದಿನಾಲ್ಕನೆಯ ಪೀಳಿಗೆಯ ಡೆಸ್ಕ್‌ಟಾಪ್ ಚಿಪ್‌ಗಳು ಓವರ್‌ಕ್ಲಾಕಿಂಗಿನ ಹೆಸರೆತ್ತದವರ ಮನೆಗಳಲ್ಲಿಯೂ ಅಸ್ಥಿರವಾದವು. ಚಿಪ್‌ನೊಳಗಿನ ಮೈಕ್ರೋಕೋಡೇ ಅತಿಯಾದ ವೋಲ್ಟೇಜನ್ನು ಬೇಡುತ್ತಿತ್ತೆಂದು ಒಪ್ಪಿಕೊಂಡ ಸಂಸ್ಥೆಯು ಆಗಸ್ಟ್ ತಿಂಗಳಿನಲ್ಲಿ ಆ ಬೇಡಿಕೆಯನ್ನು 1.55 ವೋಲ್ಟಿಗೆ ಕಟ್ಟಿಹಾಕಿ, ಖಾತರಿಯ ಅವಧಿಯನ್ನು ಎರಡು ವರ್ಷ ವಿಸ್ತರಿಸಿತು. ಅಷ್ಟರೊಳಗೆ ಒಳಗಿಂದೊಳಗೆ ಸವೆದುಹೋಗಿದ್ದ ಚಿಪ್‌ಗಳಿಗೆ ಆ ತಿದ್ದುಪಡಿಯಿಂದ ಯಾವ ಪ್ರಯೋಜನವೂ ಆಗಲಿಲ್ಲ. ಅವನ್ನು ಬದಲಾಯಿಸಿಯೇ ಕೊಡಬೇಕಾಯಿತು.