ಹೊಸರಿತ್ತಿಯ ಕಂದಾಯ

ಚಕ್ರಾಧಿಪತ್ಯಗಳು ಕರಗಿದ ಕಥೆಯನ್ನು ಹೇಳುವಾಗ ನಾವು ಸಾಮಾನ್ಯವಾಗಿ ಲಂಡನ್ ದೆಹಲಿಗಳ ಮಾತನ್ನೇ ಆಡುತ್ತೇವೆ. 1947ರ ಆಗಸ್ಟ್ 15. ಮರುವರ್ಷ ಜನವರಿ 4ರಂದು ಬರ್ಮಾ, ಫೆಬ್ರವರಿ 4ರಂದು ಸಿಂಹಳ. 1960ರಲ್ಲಂತೂ ಒಂದೇ ವರ್ಷಕ್ಕೆ ಆಫ್ರಿಕದ 17 ದೇಶಗಳು. ಈ ತಾರೀಖುಗಳನ್ನು ಓದುತ್ತಿದ್ದರೆ ದೇಶಗಳೆಲ್ಲ ಸಂಧಾನದ ಸಭೆಗಳಲ್ಲಿಯೇ ಬಿಡುಗಡೆಯಾದವೆಂದು ತೋರುವುದು ಸಹಜ. ಶ್ರೋತೃಗಳನ್ನು ಈ ಹೊತ್ತು ಆ ಸಭೆಗಳಿಂದ ಬಹುದೂರಕ್ಕೆ, ವರದಾ ನದಿಯ ಬಳಿಯ ಹೊಸರಿತ್ತಿಗೆ ಕರೆದೊಯ್ಯಬೇಕೆಂದಿದ್ದೇವೆ.

ಇಂದು ಹಾವೇರಿ ಜಿಲ್ಲೆಗೆ ಸೇರಿದ ಈ ಊರು ಆಗ ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಯಲ್ಲಿತ್ತು. ಅಲ್ಲಿ ನಡೆದುದು ರೈತವಾರಿ ಪದ್ಧತಿ. ಒಕ್ಕಲಿಗನು ತನ್ನ ಭೂಮಿಯ ಕಂದಾಯವನ್ನು ನೆಟ್ಟಗೆ ಸರಕಾರಕ್ಕೇ ಸಲ್ಲಿಸತಕ್ಕದ್ದು. ವೈಸರಾಯರನ್ನು ಅವನು ಕಂಡವನಲ್ಲ. ಅವನ ಪಾಲಿಗೆ ಕುಲಕರ್ಣಿಯ ದಫ್ತರವೇ ಸರಕಾರ. ಕಾನೂನುಭಂಗದ ಕಾಲದಲ್ಲಿ ಅಂಕೋಲೆ, ಸಿದ್ದಾಪುರ, ಹಿರೇಕೆರೂರುಗಳ ರೈತರು ಕರನಿರಾಕರಣೆಯನ್ನೇ ಆರಿಸಿಕೊಂಡು ಹೊಲಮನೆಗಳನ್ನು ಕಳೆದುಕೊಂಡುದಕ್ಕೆ ಕಾರಣ ಇಲ್ಲಿಯೇ ಉಂಟು.

ಬ್ಯಾಡಗಿಯ ಕಡೆಯ ಮೋಟೆಬೆನ್ನೂರಿನಲ್ಲಿ 1911ರಲ್ಲಿ ಹುಟ್ಟಿದ ಮೈಲಾರ ಮಹಾದೇವಪ್ಪನವರು 1930ರಲ್ಲಿ ಗಾಂಧಿಯವರೊಡನೆ ಸಾಬರಮತಿಯಿಂದ ದಂಡಿಗೆ ನಡೆದವರು. ಆ ತಂಡದಲ್ಲಿದ್ದ ಕನ್ನಡಿಗರು ಅವರೊಬ್ಬರೇ. ಆಗಿನ್ನೂ ಅವರಿಗೆ 19 ತುಂಬಿರಲಿಲ್ಲ. ಮಡದಿ ಸಿದ್ದಮ್ಮನವರೂ ಸೆರೆವಾಸವನ್ನು ಕಂಡವರೇ. 1942ರ ಆಗಸ್ಟ್ 9ರಂದು ಮುಖಂಡರೆಲ್ಲ ಬಂಧಿತರಾದ ಮೇಲೆ ಧಾರವಾಡ ಜಿಲ್ಲೆಯಲ್ಲಿ ಚಳುವಳಿಯು ಭೂಗತವಾಯಿತು. ಚಾವಡಿಯ ಕಾಗದಗಳು ಸುಟ್ಟವು, ತಂತಿಗಳು ತುಂಡಾದವು. ಮಹಾದೇವಪ್ಪನವರು ಇಂಥ ತಂಡವೊಂದರ ಮುಂದಾಳಾದರು. ಉಪ್ಪಿನ ಸತ್ಯಾಗ್ರಹಿಗೆ ಇದು ತಕ್ಕ ದಾರಿಯೇ? ಪ್ರಶ್ನೆಯನ್ನು ಮರೆಮಾಡುವುದು ಸಲ್ಲದು. ಗುಪ್ತಕಾರ್ಯವನ್ನು ಗಾಂಧಿಯವರು ಸ್ವತಃ ಮೆಚ್ಚಲಿಲ್ಲ. ನಮಗೆ ತೋರುವುದಿಷ್ಟು: ದಾರಿ ಬೇರೆಯಾಯಿತು, ಗುರಿ ಬೇರೆಯಾಗಲಿಲ್ಲ. ಉಪ್ಪಿನ ತೆರಿಗೆಯೂ ಭೂಮಿಯ ಕಂದಾಯವೂ, ಪರರಾಜ್ಯವು ಬಡವನ ಮನೆಯೊಳಕ್ಕೆ ಚಾಚಿದ ಎರಡು ಕೈಗಳು.

1943ರ ಏಪ್ರಿಲ್ 1ರಂದು ಅವರ ತಂಡವು ಹೊಸರಿತ್ತಿಗೆ ಬಂದಿತು. ವಸೂಲಾದ ಕಂದಾಯವನ್ನು ಅಲ್ಲಿಯ ವೀರಭದ್ರನ ಗುಡಿಯಲ್ಲಿ ಪೋಲೀಸರ ಕಾವಲಿನಲ್ಲಿ ಇರಿಸಿದ್ದರು. (ದೊರೆಯ ಹಣಕ್ಕೆ ದೇವರ ಆಸರೆ ಬೇಕಾದ ಕಾಲ ಅದು!) ಪೋಲೀಸರು ಗುಂಡು ಹಾರಿಸಿದರು. ಮಹಾದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಈ ಮೂವರು ಮಡಿದರು. ಒಬ್ಬರು ಮಡಿವಾಳರ ಮನೆಯವರು, ಒಬ್ಬರು ಮಠದ ಮನೆತನದವರು ಎಂಬುದನ್ನು ಹೆಸರುಗಳೇ ಹೇಳುತ್ತವೆ. ಮಹಾದೇವಪ್ಪನವರಿಗೆ 32 ತುಂಬಿರಲಿಲ್ಲ. ಇದಕ್ಕೆ ಮುಂಚಿನ ಮಾರ್ಚ್ ತಿಂಗಳಲ್ಲಷ್ಟೇ ಮೈಸೂರು ಸಂಸ್ಥಾನದಲ್ಲಿ ಈಸೂರಿನ ಐವರು ಗಲ್ಲಿಗೇರಿದ್ದರು.

ಸಮುದ್ರದಾಚೆಯೂ ಇಂಥ ಮೂವರುಂಟು. ಆಫ್ರಿಕದ ಗೋಲ್ಡ್ ಕೋಸ್ಟಿನ ಅಕ್ರಾ ನಗರದಲ್ಲಿ 1948ರ ಫೆಬ್ರವರಿ 28ರಂದು, ಮಹಾಯುದ್ಧದಲ್ಲಿ ಆಂಗ್ಲರ ಪರವಾಗಿಯೇ ಕಾದಾಡಿ ಬಂದಿದ್ದ ಮಾಜಿ ಸೈನಿಕರು ಬಿನ್ನವತ್ತಳೆಯನ್ನು ಹಿಡಿದು, ನಿರಾಯುಧರಾಗಿ ಗವರ್ನರನ ಕೋಟೆಯತ್ತ ನಡೆದರು. ಗುಂಡಿಗೆ ಮೂವರು ಬಿದ್ದರು. ಊರೇ ದಂಗೆಯೆದ್ದಿತು, ಸರಕಾರವು ವಿಚಾರಣೆಯನ್ನು ನೇಮಿಸಿ ಹೊಸ ಸಂವಿಧಾನದ ಮಾತನ್ನು ಎತ್ತಲೇಬೇಕಾಯಿತು. 1957ರ ಮಾರ್ಚ್ 6ರಂದು ಆ ನಾಡು ಘಾನಾ ಎಂಬ ಹೆಸರಿನಿಂದ ಸ್ವತಂತ್ರವಾಯಿತು. ಹೊಸರಿತ್ತಿಯ ಗುಂಡಿಗೆ ಅಂಥ ವಿಚಾರಣೆಯ ಗೌರವ ದೊರೆಯಲಿಲ್ಲ. ಯುದ್ಧದ ಗದ್ದಲದಲ್ಲಿ ಹೊರಜಗತ್ತು ಅದನ್ನು ಕೇಳಲೂ ಇಲ್ಲ.

ನಾಲ್ಕು ವರ್ಷ ನಾಲ್ಕೂವರೆ ತಿಂಗಳಿಗೆ ಆಂಗ್ಲರ ಧ್ವಜ ಇಳಿಯಿತು. ಕಂದಾಯ ನಿಲ್ಲಲಿಲ್ಲ, ಸ್ವರಾಜ್ಯಕ್ಕೂ ಬೊಕ್ಕಸ ಬೇಕಷ್ಟೆ. ಆದರೆ ದಫ್ತರವು ತಂದೆಯಿಂದ ಮಗನಿಗೆ ಇಳಿಯುತ್ತಿದ್ದ ಕುಲಕರ್ಣಿ ವತನವನ್ನು ಮುಂಬಯಿ ಸರಕಾರವು 1950ರ ಶಾಸನದಿಂದ ತೆಗೆದುಹಾಕಿತು. ಹಾವೇರಿಯ ರೈಲ್ವೆ ನಿಲ್ದಾಣವು ಈಗ ಮಹಾದೇವಪ್ಪನವರ ಹೆಸರನ್ನು ಹೊತ್ತಿದೆ.