ಫ್ಲಾಟ್ಸಮ್ ಅಂದ್ರೇನು? ಕಡಲು ತಂದು ಹಾಕಿದ ಮಾಲು ಸಿಕ್ಕವರದ್ದಾ?

ಹಡಗು ಮುಳುಗಿದ ಸುದ್ದಿಗಳಲ್ಲಿ ‘ಫ್ಲಾಟ್ಸಮ್’ ಎಂಬ ಇಂಗ್ಲಿಷ್ ಪದ ಆಗಾಗ ಕಾಣಿಸುತ್ತದೆ. ಇದರ ಜೊತೆಗೇ ‘ಜೆಟ್ಸಮ್’ ಎಂಬ ಇನ್ನೊಂದು ಪದವೂ ಬರುತ್ತದೆ. ಎರಡೂ ಒಂದೇ ಅಂತ ಹಲವರು ತಿಳಿದಿದ್ದಾರೆ. ಆದರೆ ಕಾನೂನಿನಲ್ಲಿ ಎರಡಕ್ಕೂ ವ್ಯತ್ಯಾಸ ಇದೆ.

ಅರ್ಥ ಏನು?

ಹಡಗು ಒಡೆದಾಗ ಅಥವಾ ಮುಳುಗಿದಾಗ ತಾನಾಗಿಯೇ ನೀರಿಗೆ ಬಿದ್ದು ತೇಲುವ ಸಾಮಾನು ಫ್ಲಾಟ್ಸಮ್. ‘ತೇಲು’ ಎಂಬ ಅರ್ಥದ ಹಳೆಯ ಫ್ರೆಂಚ್ ಪದದಿಂದ ಇದು ಇಂಗ್ಲಿಷಿಗೆ ಬಂತು. ಮುಳುಗುವ ಹಡಗಿನ ಭಾರ ಇಳಿಸಲು ಸಿಬ್ಬಂದಿಯೇ ಬೇಕೆಂದು ಎಸೆದ ಮಾಲು ಜೆಟ್ಸಮ್. ಮತ್ತೆ ಬಂದು ಎತ್ತಿಕೊಳ್ಳೋಣ ಅಂತ ಗುರುತಿನ ತೇಲು ಕಟ್ಟಿ ಮುಳುಗಿಸಿದ್ದು ‘ಲಗನ್’. ಇಂಗ್ಲೆಂಡಿನಲ್ಲಿ 1601ರ ಒಂದು ಪ್ರಸಿದ್ಧ ತೀರ್ಪಿನಲ್ಲೇ ಈ ವಿಂಗಡಣೆ ಇದೆ.

ಬಳಕೆ ಹೇಗೆ?

ಇಂಗ್ಲಿಷಿನಲ್ಲಿ ಈ ಪದಕ್ಕೆ ಸಾಮಾನ್ಯವಾಗಿ ಬಹುವಚನ ಇಲ್ಲ. ಎಷ್ಟೇ ರಾಶಿ ಇದ್ದರೂ ಫ್ಲಾಟ್ಸಮ್ ಅಂತಲೇ ಬರೆಯುತ್ತಾರೆ. ಮಾತಿನ ಬಳಕೆಯಲ್ಲಿ ಮಳೆಗಾಲದಲ್ಲಿ ದಡಕ್ಕೆ ಬರುವ ಮರದ ದಿಮ್ಮಿ, ಬಾಟಲಿ, ಹರಿದ ಬಲೆ ಎಲ್ಲವೂ ಫ್ಲಾಟ್ಸಮ್ಮೇ. ‘ಫ್ಲಾಟ್ಸಮ್ ಆ್ಯಂಡ್ ಜೆಟ್ಸಮ್’ ಅಂತ ಜೋಡಿಸಿ ಹೇಳಿದರೆ ಮೂಲೆಗೆ ಬಿದ್ದ ಚಿಲ್ಲರೆ ಸಾಮಾನು ಎಂಬ ಅರ್ಥ. ನೆಲೆ ಇಲ್ಲದೆ ಅಲೆಯುವ ಜನರಿಗೂ ಈ ಮಾತು ಬಳಸುವುದುಂಟು. ಅದು ಹೀಯಾಳಿಕೆ ಆಗುವುದರಿಂದ ಎಚ್ಚರ ಬೇಕು. ಕನ್ನಡದಲ್ಲಿ ‘ತೇಲಿಬಂದ ಮಾಲು’ ಅಂದರೆ ಸಾಕು, ಎಲ್ಲರಿಗೂ ತಿಳಿಯುತ್ತದೆ.

ಸಿಕ್ಕವರದ್ದಾ?

ಅಲ್ಲ. ಮಾಲು ತೇಲಿಬಂತು ಅಂದ ಮಾತ್ರಕ್ಕೆ ಮಾಲೀಕನ ಹಕ್ಕು ಹೋಗುವುದಿಲ್ಲ. 2007ರ ಜನವರಿಯಲ್ಲಿ ‘ಎಂಎಸ್‌ಸಿ ನೆಪೋಲಿ’ ಹಡಗಿನ ಕಂಟೇನರ್‌ಗಳು ಇಂಗ್ಲೆಂಡಿನ ಬ್ರಾನ್ಸ್‌ಕೂಂಬ್ ಕಡಲತೀರಕ್ಕೆ ಬಂದು ಬಿದ್ದವು. ಜನ ಮುಗಿಬಿದ್ದು ಹೊಸ ಬೈಕುಗಳನ್ನೂ ಹೊತ್ತೊಯ್ದರು. ಸಿಕ್ಕಿದ್ದನ್ನು 28 ದಿನದೊಳಗೆ ತಿಳಿಸದಿದ್ದರೆ ಅಪರಾಧ ಅಂತ ಅಲ್ಲಿನ ಅಧಿಕಾರಿಗಳು ಎಚ್ಚರಿಸಬೇಕಾಯಿತು.

ನಮ್ಮ ದೇಶದಲ್ಲೂ 1958ರ ಮರ್ಚೆಂಟ್ ಶಿಪ್ಪಿಂಗ್ ಕಾಯ್ದೆ ತೇಲುವ ಸರಕನ್ನು ಹಡಗಿನ ಅವಶೇಷದ ಲೆಕ್ಕಕ್ಕೇ ಸೇರಿಸಿತ್ತು. ಸಿಕ್ಕವರು ಅದನ್ನು ಸರ್ಕಾರ ನೇಮಿಸಿದ ಅಧಿಕಾರಿಗೆ ಒಪ್ಪಿಸಬೇಕು ಎಂದಿತ್ತು. 2025ರಲ್ಲಿ ಸಂಸತ್ತು ಇದರ ಜಾಗಕ್ಕೆ ಹೊಸ ಕಾಯ್ದೆ ಅಂಗೀಕರಿಸಿದೆ.

ಮುಟ್ಟಿದರೆ ಅಪಾಯ ಏನು?

2025ರ ಮೇ 25ರಂದು ‘ಎಂಎಸ್‌ಸಿ ಎಲ್ಸಾ 3’ ಹಡಗು ಕೊಚ್ಚಿ ಬಳಿ ಮುಳುಗಿತು. 24 ಸಿಬ್ಬಂದಿಯೂ ಬದುಕುಳಿದರು. ಹಡಗಿನಲ್ಲಿದ್ದ 640 ಕಂಟೇನರ್‌ಗಳಲ್ಲಿ ಕೆಲವು ಕೊಲ್ಲಂ, ಆಲಪ್ಪುಳ ತೀರಗಳಿಗೆ ತೇಲಿಬಂದವು. ಪ್ಲಾಸ್ಟಿಕ್ ಗುಳಿಗೆಗಳು ಮರಳಿನಲ್ಲಿ ಹರಡಿದವು. ಹಡಗಿನ 12 ಕಂಟೇನರ್‌ಗಳಲ್ಲಿ ಕ್ಯಾಲ್ಸಿಯಂ ಕಾರ್ಬೈಡ್ ಇತ್ತು. ಹಣ್ಣು ಮಾಗಿಸಲು ಬಳಸಬಾರದು ಅಂತ ನಿಷೇಧ ಇರುವ ಅದೇ ಕಾರ್ಬೈಡ್ ಇದು. ನೀರು ತಾಗಿದರೆ ಅಸಿಟಿಲೀನ್ ಅನಿಲ ಹೊರಟು ಬೆಂಕಿ ಹೊತ್ತಿಕೊಳ್ಳಬಹುದು. ಹಾಗಾಗಿ ಕೇರಳ ಸರ್ಕಾರ ಕಂಟೇನರ್ ಮುಟ್ಟಬೇಡಿ, 200 ಮೀಟರ್ ದೂರ ಇರಿ, 112ಕ್ಕೆ ಕರೆ ಮಾಡಿ ಎಂದಿತ್ತು.

ಕಡಲು ಒಂದೇ, ಗಾಳಿ ತಿರುಗಿದರೆ ಮಾಲು ನಮ್ಮ ಕರಾವಳಿಗೂ ಬರಬಹುದು. ಗುರುತಿಲ್ಲದ ಡ್ರಮ್, ಪೆಟ್ಟಿಗೆ, ಚೀಲ ಕಂಡರೆ ತೆರೆಯಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಜಾಗ ಗುರುತಿಟ್ಟುಕೊಂಡು ಕರಾವಳಿ ಕಾವಲು ಪೊಲೀಸರಿಗೆ ಅಥವಾ 112ಕ್ಕೆ ತಿಳಿಸಿ. ಅಂಗಡಿಯವರು, ಗುಜರಿಯವರು ‘ಬೀಚಿನಲ್ಲಿ ಸಿಕ್ತು, ಕಮ್ಮಿಗೆ ಕೊಡ್ತೀನಿ’ ಅಂತ ಯಾರಾದರೂ ತಂದರೆ ಕೊಳ್ಳಬೇಡಿ. ಬಿಲ್ ಇಲ್ಲದ ಆ ಮಾಲಿಗೆ ಮಾಲೀಕ ಬೇರೆಯೇ ಇದ್ದಾನೆ, ಒಳಗೆ ಏನಿದೆ ಅಂತ ಮಾರುವವನಿಗೂ ಗೊತ್ತಿರಲ್ಲ.